ಕೆಂಪಕ್ಕನ ಬಾಯಿಗೆ ತುಳಸಿ ನೀರು

ಆಗ ನಿಪ್ಪಾಣಿ ಸಂತೆಯಲ್ಲಿ ಒಂದು ಜವಾರಿ ಕೋಳಿಗೆ ಇನ್ನೂರೈವತ್ತು ರೂಪಾಯಿ. ತತ್ತಿ ಇಡುವ ಕೋಳಿಯಾದರೆ ಮುನ್ನೂರಕ್ಕೂ ಗಿರಾಕಿ ಇತ್ತು. ಜಡ್ಡು ಹತ್ತಿದ ಕೋಳಿಯನ್ನು ಪುಕ್ಕಟೆ ಕೊಟ್ಟರೂ ಒಯ್ಯುವವರಿಲ್ಲ. ಅದನ್ನು ಬುಟ್ಟಿಯಲ್ಲಿಟ್ಟು ಅಕ್ಕೋಳದಿಂದ ದನದ ದವಾಖಾನೆಗೆ ಹೋಗಿಬರಲು ಟಮಟಮ್ ಬಾಡಿಗೆ ನಲವತ್ತು. ಬುಟ್ಟಿಯೂ ಒಂದು ಸೀಟು ಹಿಡಿಯಿತೆಂದು ಡ್ರೈವರ್ ಅದರ ಬಾಡಿಗೆಯನ್ನೂ ವಸೂಲಿ ಮಾಡಿದ್ದ. ಪುಡಿ ಔಷಧಕ್ಕೆ ಎಂಬತ್ತೈದು. ಅರಿಷಿಣ, ಬಳ್ಳೊಳ್ಳಿ ಮನೆಯವೇ, ಅವನ್ನು ಹಿಡಿಯುವುದು ಬೇಡ. ಕುತ್ತಿಗೆ ತಿರುವಿ ಬಿಡಲು ಮಾತ್ರ ಖರ್ಚೇನೂ ಇರಲಿಲ್ಲ.

ಖರ್ಚಿಲ್ಲದ ಆ ಒಂದು ಕೆಲಸ ಮಾಡಲಾರದೆ ಮಲಕಾರಿ ಎಷ್ಟು ಕಳೆದುಕೊಂಡ ಎಂಬುದೇ ಈ ಕಥೆ.

ಅಕ್ಕೋಳದ ಮಲಕಾರಿ ನಿಪ್ಪಾಣಿಯ ತಂಬಾಕಿನ ವಖಾರಿಯೊಂದರಲ್ಲಿ ರಾತ್ರಿ ಕಾವಲುಗಾರ. ಐವತ್ತು ದಾಟುವವರೆಗೆ ಊರು ಅವನನ್ನು ‘ಲೇ ಮಲಕ್ಯಾ’ ಎಂದೇ ಕರೆಯುತ್ತಿತ್ತು. ಎರಡು ವರ್ಷದ ಹಿಂದೆ ಪಂಢರಪುರಕ್ಕೆ ಹೊರಟ ಟೆಂಪೋದಲ್ಲಿ ಒಂದು ಸೀಟು ಖಾಲಿ ಇತ್ತು. ಹೋದ. ಅಲ್ಲಿ ಎಲ್ಲರ ಜೊತೆ ಸಾಲಿನಲ್ಲಿ ಕೂತಿದ್ದಾಗ ಯಾರೋ ಹಿರಿಯರು ಬಂದು ಇವನ ಕೊರಳಿಗೂ ತುಳಸಿ ಮಣಿಯ ಮಾಳಿ ಹಾಕಿಬಿಟ್ಟರು. ಅದು ಊಟದ ಸಾಲು ಎಂದು ಅವನು ತಿಳಿದಿದ್ದ. ಮಾಳಿ ಬಿದ್ದ ಮೇಲೆ ಮಾಂಸ ಮುಟ್ಟುವಂತಿಲ್ಲ, ಹಿಂಸೆ ಮಾಡುವಂತಿಲ್ಲ. ಊರಿಗೆ ಬಂದಾಗ ಮಲಕಾರಿ ಮಾಳಕರಿಯಾಗಿದ್ದ. ಮರುದಿನ ಚಹದಂಗಡಿಯಲ್ಲಿ ಯಾರೋ ಎದ್ದು ಜಾಗ ಬಿಟ್ಟು, “ಬರ್ರಿ ಮಾವುಲಿ, ಕುಂದರ್ರಿ” ಅಂದರು. ಮಾವುಲಿ ಅಂದರೆ ತಾಯಿ, ವಿಠ್ಠಲನ ಭಕ್ತರನ್ನು ಕರೆಯುವ ಮರ್ಯಾದೆಯ ಮಾತು. ಹಿಂದೆ ಯಾರಾದರೂ ನಿಂತಿದ್ದಾರೇನೋ ಎಂದು ಮಲಕಾರಿ ತಿರುಗಿ ನೋಡಿದ. ಯಾರೂ ಇರಲಿಲ್ಲ. ಮಾವುಲಿ ಅಂದದ್ದು ತನಗೇ ಎಂದು ತಿಳಿದ ಕ್ಷಣದಿಂದ ಅವನು ಕೋಳಿ ಸಾರನ್ನು ಮರೆತ. ಬಾಯಿಗೆ ಬರದ ರುಚಿ ಕಿವಿಗೆ ಬಂದಿತ್ತು.

ಮನೆಯ ಹಿತ್ತಲಲ್ಲಿ ಮಾತ್ರ ಏಳು ಕೋಳಿ ಇದ್ದವು. ಅವು ಹೆಂಡತಿ ರಾಜೇಶ್ವರಿಯವು. ತತ್ತಿ ಮಾರಿ ಮನೆಯ ಎಣ್ಣೆ, ಸಕ್ಕರೆ, ಚಹಪುಡಿ ನಡೆಸುತ್ತಿದ್ದವಳು ಅವಳು. ಏಳರಲ್ಲಿ ದೊಡ್ಡದು ಒಂದು ಕೆಂಪು ಕೋಳಿ. ಮಲಕಾರಿಯ ಅಕ್ಕ, ಚಿಂಚಲಿಯ ಕೆಂಪವ್ವ, ತಮ್ಮನ ಮನೆಗೆ ತನ್ನ ನೆನಪಿಗೆಂದು ಮರಿ ಇದ್ದಾಗ ತಂದುಕೊಟ್ಟದ್ದು. ಕೊಟ್ಟವಳ ಹೆಸರು ಉಳಿಯಲೆಂದು ರಾಜೇಶ್ವರಿ ಅದನ್ನು ‘ಕೆಂಪಕ್ಕ’ ಎಂದು ಕರೆದಳು.

“ಹೆಸರ ಚಲೋ ಇಟ್ಟಿ,” ಎಂದು ಮಲಕಾರಿ ಖುಷಿಪಟ್ಟಿದ್ದ.

“ಮತ್ತೇನ್ರಿ, ಇದೂ ನಿಮ್ಮ ಅಕ್ಕನಂಗ. ಇಡೂದು ಒಂದ ತತ್ತಿ, ಊರ ತುಂಬ ಕೂಗಿ ಹೇಳೂದು.”

ಆ ಕೆಂಪಕ್ಕನಿಗೆ ಜಡ್ಡು ಬಂತು. ತತ್ತಿ ನಿಂತು, ಹೊಟ್ಟೆ ನೀರು ತುಂಬಿದ ಚೀಲದಂತೆ ಜೋತು ಬಿದ್ದು, ಕಾಲು ಅಗಲಿಸಿ ನಾಲ್ಕು ಹೆಜ್ಜೆ ಇಟ್ಟು ಕೂತುಬಿಡುತ್ತಿತ್ತು. ಉಸಿರಾಡಿದರೆ ಬಾಯಿ ತೆರೆಯುತ್ತಿತ್ತು. ಸೋಮವಾರ ಮಲಕಾರಿ ಅದನ್ನು ಬುಟ್ಟಿಯಲ್ಲಿಟ್ಟುಕೊಂಡು ದನದ ಡಾಕ್ಟರ ಬಳಿ ಹೋದ.

ಡಾಕ್ಟರು ಹೊಟ್ಟೆ ಒತ್ತಿ ನೋಡಿದರು. ಕೋಳಿ ಕೂಗಲಿಲ್ಲ, ಕಣ್ಣು ಮುಚ್ಚಿತು.

“ತತ್ತಿ ಹೊರಗ ಬರೂದು ಬಿಟ್ಟು ಹೊಟ್ಟ್ಯಾಗ ಒಡದಾವು. ಒಳಗೆಲ್ಲ ಕೀವು ಆಗೇತಿ. ಉಳದ ಕೋಳಿಗೆ ಹತ್ತೂದಿಲ್ಲ, ಅಂಜಬ್ಯಾಡ. ಆದ್ರ ಇದು ಉಳ್ಯೂದಿಲ್ಲ.”

“ಔಷಧ ಬರದ ಕೊಡ್ರಿ ಸಾಹೇಬ್ರ.”

“ಔಷಧ ಇಲ್ಲಪಾ. ಭಾಳ ನೋವೈತಿ ಇದಕ್ಕ. ಕಾಲ ಹಿಡದು ಕುತ್ತಿಗಿ ಜಗ್ಗಿ ತಿರುವಿಬಿಡು. ಒಂದ ಗಳಿಗಿ ಕೆಲಸ. ಪುಣ್ಯಾ ಬರತೈತಿ.”

ಮಲಕಾರಿ ಅಂಗಿಯ ಗುಂಡಿ ಬಿಚ್ಚಿ ಮಾಳಿ ತೋರಿಸಿದ. “ನಾ ಮಾಳಕರಿ ಅದೀನ್ರಿ. ನೀವ ಮಾಡಿಬಿಡ್ರಿ.”

ಡಾಕ್ಟರು ಗೋಡೆಯ ಕ್ಯಾಲೆಂಡರ್ ನೋಡಿದರು. “ಮಾಡತಿದ್ನಿ. ಆದ್ರ ಇವತ್ತ ನಂದು ಸೋಮವಾರ ಐತಿ.”

“ಸೋಮವಾರ ಎಲ್ಲಾರದೂ ಐತೆಲ್ರಿ?”

“ಹಂಗಲ್ಲೋ ಮಾರಾಯಾ, ವಾರ ಹಿಡದೀನಿ. ಇವತ್ತ ಜೀವದ ಮ್ಯಾಲ ಕೈ ಮಾಡೂದಿಲ್ಲ.”

ಬರಿಗೈಯಲ್ಲಿ ಹೋಗಲಾರದೆ ಮಲಕಾರಿ ಅಲ್ಲೇ ನಿಂತ. ಕೊನೆಗೆ ಡಾಕ್ಟರು ಒಂದು ಚೀಟಿ ಬರೆದುಕೊಟ್ಟರು. ಅದು ಶಕ್ತಿಯ ಪುಡಿ. “ಇದು ಕೋಳಿಗಲ್ಲ, ನಿನ್ನ ಸಮಾಧಾನಕ್ಕ,” ಎಂದೂ ಹೇಳಿದರು. ಎಂಬತ್ತೈದು ರೂಪಾಯಿಯ ಸಮಾಧಾನ ಕೊಂಡು ಮಲಕಾರಿ ಮನೆಗೆ ಬಂದ.

ರಾಜೇಶ್ವರಿ ಬುಟ್ಟಿಯೊಳಗೆ ಒಮ್ಮೆ ನೋಡಿದಳು. ಸೆರಗು ಸಿಕ್ಕಿಸಿದಳು. “ಕೊಡ್ರಿ ಇಲ್ಲೆ. ನಾ ಮಾಡತೀನಿ.”

“ಮಾಳಕರಿ ಮನ್ಯಾಗ? ಮಾಳಕರಿ ಹೆಂಡತಿ ಕೈಲೆ? ಮಂದಿ ಏನಂದಾರು?”

“ಮಂದಿ ಏನ ಅಂದಾರ್ರಿ, ಕೋಳಿ ಸತ್ತಿತು ಅಂದಾರು.”

“ನಿನಗ ತಿಳ್ಯೂದಿಲ್ಲ. ಹೊರಗ ಯಾರನ್ನರ ನೋಡತೀನಿ. ಅಕ್ಕನ ಮುಂದ ಮಾತ್ರ ಬಾಯಿ ಬಿಡಬ್ಯಾಡ.”

ಕೆಂಪವ್ವ ಆ ವಾರ ತಮ್ಮನ ಮನೆಯಲ್ಲೇ ಇದ್ದಳು. ನಿಪ್ಪಾಣಿಯಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡು, ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಒಳಕೋಣೆಯಲ್ಲಿ ಮಲಗಿದ್ದಳು. ತಾನು ಕೊಟ್ಟ ಕೋಳಿ, ತನ್ನದೇ ಹೆಸರು, ಅದು ಸಾಯುತ್ತಿದೆ ಎಂದು ಕೇಳಿದರೆ ಅಪಶಕುನ ಅಂದುಕೊಂಡಾಳು ಎಂದು ಮಲಕಾರಿಗೆ ಹೆದರಿಕೆ.

ಮಂಗಳವಾರ ಅವನು ರೂಪೇಶನ ಚಿಕನ್ ಸೆಂಟರಿಗೆ ಹೋದ. ರೂಪೇಶ ಒಂದು ರವಿವಾರಕ್ಕೆ ನೂರು ಕೋಳಿ ಕಡಿಯುವವನು. ಮಲಕಾರಿಯನ್ನು ಕಂಡು ಕೈ ತೊಳೆದು ನಮಸ್ಕಾರ ಮಾಡಿದ.

“ಮಾವುಲಿ, ನೀವು ನನ್ನ ಅಂಗಡಿಗೆ ಬಂದ್ರ ಹೆಂಗ್ರಿ? ನನಗ ಪಾಪ ಹತ್ತತೈತಿ.”

ಮಲಕಾರಿ ಸಂಗತಿ ಹೇಳಿ, ಬುಟ್ಟಿಯ ಮೇಲಿನ ಬಟ್ಟೆ ಸರಿಸಿದ. ರೂಪೇಶ ಎರಡು ಹೆಜ್ಜೆ ಹಿಂದೆ ಸರಿದು ರಸ್ತೆಯ ಎರಡೂ ಕಡೆ ನೋಡಿದ.

“ಮೊದಲ ಮುಚ್ಚರಿ ಅದನ್ನ! ಜಡ್ಡಿನ ಕೋಳಿ ನನ್ನ ಅಂಗಡ್ಯಾಗ ಬಂದದ್ದು ಮಂದಿ ನೋಡಿದ್ರ ನನ್ನ ವ್ಯಾಪಾರ ಮುಗೀತು. ಅದರಾಗ ಇವತ್ತ ಮಂಗಳವಾರ, ದೇವಿ ವಾರ. ಕತ್ತಿ ತೊಳದು ಮ್ಯಾಲ ಇಟ್ಟೀನಿ.”

“ನಾಳಿಗೆ ಬರಲೇನ?”

“ನಾಳಿ ಅಂಗಡಿ ತಗೀತೈತಿ, ಗಿರಾಕಿ ಇರತಾರ. ಗಿರಾಕಿ ಇಲ್ಲದ ದಿನ ಬರ್ರಿ.”

“ಗಿರಾಕಿ ಇಲ್ಲದ ದಿನ ಯಾವದು?”

“ಮಂಗಳವಾರ.”

ಮಲಕಾರಿ ಬುಟ್ಟಿ ಹೊತ್ತು ವಾಪಸು ಬಂದ. ದಾರಿಯಲ್ಲಿ ಮೂರು ಜನ ‘ಮಾವುಲಿ’ ಅಂದರು. ಬುಟ್ಟಿಯೊಳಗೆ ಕೆಂಪಕ್ಕ ಗೊರಗೊರ ಉಸಿರು ಎಳೆಯುತ್ತಿತ್ತು. ಮೂರು ಸಲ ‘ಮಾವುಲಿ’ ಕೇಳಿಸಿಕೊಂಡವನಿಗೆ ಆ ಉಸಿರು ಸ್ವಲ್ಪ ಕಡಿಮೆ ಕೇಳಿಸಿತು.

ಬುಧವಾರ ಬೆಳಿಗ್ಗೆ ಕೋಳಿ ಕತ್ತು ಎತ್ತಲಿಲ್ಲ. ಆದರೆ ಸಾಯಲೂ ಇಲ್ಲ. ಬೆಳಕು ಬಿದ್ದರೆ ಒದ್ದಾಡುತ್ತದೆಂದು ಮಲಕಾರಿ ಅದರ ಮೇಲೆ ಬುಟ್ಟಿ ಬೋರಲು ಹಾಕಿದ್ದ. ರಾಜೇಶ್ವರಿ ಕೆಂಪವ್ವನನ್ನು ಪಟ್ಟಿ ಬಿಚ್ಚಿಸಲು ನಿಪ್ಪಾಣಿಗೆ ಕರೆದುಕೊಂಡು ಹೋಗಿದ್ದಳು. ಹೋಗುವಾಗ, “ಬರೂದ್ರಾಗ ಅದರ ಕೆಲಸ ಮುಗಿಸ್ರಿ. ಇಲ್ಲಾಂದ್ರ ಬಂದು ನಾ ಮುಗಸ್ತೀನಿ. ಮಾಳಿ ಗೀಳಿ ಕೇಳೂದಿಲ್ಲ,” ಎಂದು ಹೇಳಿಯೇ ಹೋಗಿದ್ದಳು.

ಮಲಕಾರಿ ಹಿತ್ತಲಲ್ಲಿ ಕೂತು ಕೋಳಿಯನ್ನು ತೊಡೆಯ ಮೇಲೆ ಇಟ್ಟುಕೊಂಡ. ಕುತ್ತಿಗೆಗೆ ಕೈ ಹಾಕಿದ. ತೆಗೆದ. ಮತ್ತೆ ಹಾಕಿದ. ಮತ್ತೆ ತೆಗೆದ. ಅಷ್ಟರಲ್ಲಿ ಅವನಿಗೊಂದು ವಿಚಾರ ಹೊಳೆಯಿತು. ಕೊಲ್ಲಲು ಆಗದಿದ್ದರೇನು, ಹೋಗುವ ಜೀವಕ್ಕೆ ದಾರಿ ಮಾಡಿಕೊಡಬಹುದಲ್ಲ! ಪಂಢರಪುರದಿಂದ ತಂದ ಚಂದ್ರಭಾಗಾ ನದಿಯ ನೀರು ಬಾಟಲಿಯಲ್ಲಿತ್ತು. ಕಟ್ಟೆಯ ತುಳಸಿಯ ಎರಡು ಎಲೆ ಕಿತ್ತ. ನಮ್ಮಲ್ಲಿ ಸಾಯುವವರ ಬಾಯಿಗೆ ಮನೆಯವರು ತುಳಸಿ ನೀರು ಬಿಟ್ಟರೆಂದರೆ ಆಸೆ ಬಿಟ್ಟರೆಂದೇ ಅರ್ಥ. ಮಲಕಾರಿ ಕೋಳಿಯ ಕೊಕ್ಕು ಬಿಡಿಸಿ ಎಲೆ ಇಟ್ಟು ಹನಿ ಹನಿ ನೀರು ಬಿಡುತ್ತ ದೊಡ್ಡ ದನಿಯಲ್ಲಿ ಹೇಳಿದ:

“ಕೆಂಪಕ್ಕಾ, ಸಾಕ ಮಾಡವಾ. ಎಷ್ಟಂತ ನರಳತಿ? ಡಾಕ್ಟರ್ರೂ ಕೈ ಬಿಟ್ಟಾರ. ನಮ್ಮಿಂದ ತಪ್ಪಾಗಿದ್ರ ಹೊಟ್ಟ್ಯಾಗ ಹಾಕ್ಕೋ. ತುಳಸಿ ನೀರ ಬಿಟ್ಟೀನಿ, ವಿಠ್ಠಲನ ಹೆಸರ ತಗೋ, ಹೊಂಟಬಿಡು.”

ಗೋಡೆಯ ಆಚೆ ನೆರೆಮನೆಯ ಗಂಗಾರಾಮ ಹಲ್ಲಿಗೆ ತಂಬಾಕಿನ ಮಿಶ್ರಿ ಪುಡಿ ತಿಕ್ಕುತ್ತ ನಿಂತಿದ್ದ. ಅವನು ಪಂಚಾಯಿತಿಯ ನಳದ ನೀರು ಬಿಡುವವನು. ನೀರು ಬಿಡುವ ಸುದ್ದಿ ಅವನ ಕಿವಿಗೆ ಬೇಗ ಬೀಳುತ್ತಿತ್ತು. ಅಕ್ಕ ಕಣ್ಣಿನ ಆಪರೇಶನ್‌ಗೆ ಬಂದದ್ದು ಅವನಿಗೆ ಗೊತ್ತಿತ್ತು. ಕಣ್ಣು ತೋರಿಸಲು ಹೋದದ್ದು ಗೊತ್ತಿರಲಿಲ್ಲ. ಬಾಯಲ್ಲಿ ಮಿಶ್ರಿ ಇದ್ದುದರಿಂದ ಗೋಡೆಯ ಮೇಲಿಂದ ಕೇಳಲಾಗಲಿಲ್ಲ. ಉಗುಳಿ ಬಾಯಿ ಮುಕ್ಕಳಿಸುವಷ್ಟರಲ್ಲಿ ಅವನಿಗೆ ಇನ್ನೊಂದು ಸಂಗತಿ ನೆನಪಾಯಿತು: ಮೊಬೈಲಿನಲ್ಲಿ ಫ್ರೀ ಟಾಕ್‌ಟೈಮ್ ಇತ್ತು, ಮಧ್ಯಾಹ್ನಕ್ಕೆ ಮುಗಿದುಹೋಗುವಂಥದ್ದು.

ಅವನು ಮೊದಲು ಫೋನ್ ಮಾಡಿದ್ದು ಕೆಂಪವ್ವನ ಮಗ ದುಂಡೇಶನಿಗೆ. ದುಂಡೇಶ ಚಿಂಚಲಿ, ರಾಯಬಾಗ, ಚಿಕ್ಕೋಡಿ ಲೈನಿನಲ್ಲಿ ಸೀಟು ಹೊಡೆಯುವ ಟ್ರ್ಯಾಕ್ಸ್ ಡ್ರೈವರ್.

“ದುಂಡೇಶ, ಗಟ್ಟಿ ಆಗಪಾ. ನಿಮ್ಮ ಮಾಮಾ ನಿಮ್ಮ ಅವ್ವನ ಬಾಯಾಗ ತುಳಸಿ ನೀರ ಬಿಟ್ಟಾನ.”

“ಕಣ್ಣಿನ ಆಪರೇಶನ್‌ಗೆ ಯಾರರ ಸಾಯತಾರೇನ್ಲೇ?”

“ಡಾಕ್ಟರ್ ಕೈ ಬಿಟ್ಟಾರಂತ. ನಾ ಕಿವ್ಯಾರೆ ಕೇಳೀನಿ.”

ಟಾಕ್‌ಟೈಮ್ ಇನ್ನೂ ಉಳಿದಿತ್ತು. ಗಂಗಾರಾಮ ತನಗೆ ಗೊತ್ತಿದ್ದ ಬೀಗರ ನಂಬರಿಗೆಲ್ಲ ಮಾಡಿದ. ಮೊದಲ ಫೋನಿನಲ್ಲಿ ನೀರು ಬಿಟ್ಟಿದ್ದರು, ನಾಲ್ಕನೆಯ ಫೋನಿನಲ್ಲಿ ಜೀವ ಹೋಗಿತ್ತು, ಟಾಕ್‌ಟೈಮ್ ಮುಗಿಯುವ ಹೊತ್ತಿಗೆ ಹೆಣ ಬಹಳ ಹೊತ್ತು ಇಡಬಾರದು ಎಂದು ಅವನೇ ತೀರ್ಮಾನ ಕೊಡುತ್ತಿದ್ದ.

ನಡುಹಗಲಿಗೆ ದುಂಡೇಶನ ಟ್ರ್ಯಾಕ್ಸ್ ಅಕ್ಕೋಳಕ್ಕೆ ಬಂದು ನಿಂತಿತು. ಹತ್ತು ಜನ ಹಿಡಿಯುವ ಗಾಡಿಯಿಂದ ಹತ್ತೊಂಬತ್ತು ಜನ ಇಳಿದರು. ಅವರಲ್ಲಿ ಒಬ್ಬ ಬಗಲಲ್ಲಿ ಫೈಲು ಹಿಡಿದವನು. ಚಿಕ್ಕೋಡಿ ಕೋರ್ಟಿಗೆ ಹೊರಟಿದ್ದ ಪ್ಯಾಸೆಂಜರ್. ದುಃಖದಲ್ಲಿ ದುಂಡೇಶ ಚಿಕ್ಕೋಡಿಯಲ್ಲಿ ಗಾಡಿ ನಿಲ್ಲಿಸಿರಲಿಲ್ಲ. ನಿಲ್ಲಿಸು ಎನ್ನಲು ಆ ಮನುಷ್ಯನಿಗೂ ಮನಸ್ಸು ಬರಲಿಲ್ಲ. ಹೆಂಗಸರು ಓಣಿಯ ತಿರುವಿನಿಂದಲೇ ಅಳಲು ಸುರುಮಾಡಿದರು. ಗಂಗಾರಾಮ ಮೊದಲೇ ಬಂದು ಅಂಗಳಕ್ಕೆ ಚಾಪೆ ಹಾಸಿ, ಬಿದಿರು ಎಲ್ಲಿ ಸಿಗುತ್ತದೆ ಎಂದು ವಿಚಾರಿಸುತ್ತಿದ್ದ.

ಅಳುವ ಸಪ್ಪಳ ಕೇಳಿ ಮಲಕಾರಿ ಹಿತ್ತಲಲ್ಲೇ ಗಡಬಡಿಸಿ ಕೋಳಿಯನ್ನು ಬುಟ್ಟಿಯ ಕೆಳಗೆ ತಳ್ಳಿದ. ಯಾರದೋ ಮನೆಯಲ್ಲಿ ಸಾವಾಗಿದೆ ಅಂದುಕೊಂಡ. ದುಂಡೇಶ ನೇರ ಹಿತ್ತಲಿಗೇ ಓಡಿಬಂದ.

“ಮಾಮಾ! ಎಲ್ಲಿ?”

ಅಳಿಯನ ಕಣ್ಣಲ್ಲಿ ನೀರು ನೋಡಿ ಮಲಕಾರಿಯ ಮನಸ್ಸು ಕರಗಿತು. ಒಂದು ಕೋಳಿಗಾಗಿ ಚಿಂಚಲಿಯಿಂದ ಓಡಿ ಬಂದನಲ್ಲ!

“ಅಳಬ್ಯಾಡಪಾ. ಇಲ್ಲೇ ಅದಾಳ. ಬುಟ್ಟಿ ಬೋರಲ ಹಾಕೀನಿ.”

ದುಂಡೇಶ ಬುಟ್ಟಿ ನೋಡಿದ. ಮಾಮನನ್ನು ನೋಡಿದ. “ನಮ್ಮ ಅವ್ವನ… ಬುಟ್ಟ್ಯಾಗ?”

“ನಿಮ್ಮ ಅವ್ವ ಕೊಟ್ಟಕೀನ. ಇನ್ನೂ ಜೀವ ಐತಿ ನೋಡು.”

“ಜೀವ ಐತಿ?!”

“ಅದ ತ್ರಾಸು ಆಗೇತಿ. ಜೀವ ಹೋಗವಲ್ದು. ಬೆಳಕ ಬಿದ್ರ ಒದ್ದಾಡ್ತಾಳ. ಕುತ್ತಿಗಿ ತಿರುವಿಬಿಡು, ಪುಣ್ಯಾ ಬರತೈತಿ ಅಂತ ಡಾಕ್ಟರ ಅಂದ್ರು. ಎರಡ ಸಲ ಕೈ ಹಾಕಿದ್ನಿ, ಎರಡೂ ಸಲ ತಗದ್ನಿ. ನಾ ಮಾಳಕರಿ, ನನ್ನ ಕೈಲೆ ಹೆಂಗ ಆಗತೈತಿ? ನೀ ಬಂದದ್ದ ಚಲೋ ಆತು ಅಳಿಯಾ. ನಿನಗ ರೂಢಿ ಐತಿ. ನೀನ ಮಾಡಿಬಿಡು.”

ದುಂಡೇಶ ಮಾಮನ ಕೊರಳಪಟ್ಟಿ ಹಿಡಿದು ಎತ್ತಿದ. ಮಲಕಾರಿಯ ಕಾಲು ಬುಟ್ಟಿಗೆ ತಾಗಿ ಅದು ಉರುಳಿತು. ಕೆಳಗೆ ಕೆಂಪು ಪುಕ್ಕದ ಮುದ್ದೆಯೊಂದು ಒಂದು ಕಣ್ಣು ತೆರೆದು, ಮುಚ್ಚಿತು.

ಇತ್ತ ಮುಂಬಾಗಿಲಿಗೆ ಟಮಟಮ್ ಬಂದು ನಿಂತಿತ್ತು. ಮೊದಲು ಇಳಿದ ರಾಜೇಶ್ವರಿ ಮನೆಯ ಮುಂದಿನ ಜನ, ಚಾಪೆ, ಅಳು ಎಲ್ಲ ನೋಡಿದಳು. ಮನೆಯಲ್ಲಿ ಬಿಟ್ಟುಹೋದದ್ದು ಗಂಡನೊಬ್ಬನನ್ನೇ. ಟಮಟಮ್ಮಿನ ಕಂಬಿ ಹಿಡಿದವಳು ಹಿಡಿದಂತೇ ನಿಂತುಬಿಟ್ಟಳು. ಒಂದು ಕೋಳಿಯ ಸಲುವಾಗಿ ಬೆಳಿಗ್ಗೆ ಅಂದದ್ದೇ ಅವನ ಜೊತೆ ಆಡಿದ ಕೊನೆಯ ಮಾತಾಯಿತಲ್ಲ ಎಂದು ಅವಳಿಗೆ ಅನಿಸಿತು.

ಕೆಂಪವ್ವನಿಗೆ ಅಂಥ ತೊಂದರೆ ಇರಲಿಲ್ಲ. ಪಟ್ಟಿ ಬಿಚ್ಚಿ ದವಾಖಾನೆಯವರು ದೊಡ್ಡ ಕರಿ ಚಸ್ಮಾ ಹಾಕಿ ಕಳಿಸಿದ್ದರು. ಅಳು ಕೇಳಿಸಿದ ಕಡೆ ಅಳುವುದು ಅವಳ ವಾಡಿಕೆ. ಯಾರು ಎಂದು ಆಮೇಲೆ ಕೇಳಿದರಾಯಿತು. ಸೆರಗು ಮುಖಕ್ಕೆ ಎಳೆದುಕೊಂಡು ಹೆಂಗಸರ ನಡುವೆ ಜಾಗ ಮಾಡಿಕೊಂಡು ಕೂತು, “ಅಯ್ಯ ನನ್ನ ಬಂಗಾರಾ, ನಮ್ಮನ್ನೆಲ್ಲಾ ಬಿಟ್ಟ ಹ್ವಾದೇನ” ಎಂದು ದನಿ ತೆಗೆದಳು. ಅವಳ ದನಿಗೆ ಉಳಿದವರ ದನಿ ಅಡಗಿತು. ನಾಲ್ಕು ಸಲ ಅತ್ತು, ಪಕ್ಕದವಳನ್ನು ಮೆಲ್ಲಗೆ ಕೇಳಿದಳು:

“ಯಾರ ಹೋದ್ರ ಬೇ?”

“ಕೆಂಪವ್ವ ಹೋದಳ ಬೇ,” ಸೆರಗಿನೊಳಗಿಂದಲೇ ಪಕ್ಕದವಳು ಅಂದಳು.

“ಯಾವ ಕೆಂಪವ್ವ?”

“ಚಿಂಚಲಿ ಕೆಂಪವ್ವ.”

“ಅಯ್ಯ ನನ್ನವ್ವಾ! ನನ್ನ ಹೆಸರಿನಾಕಿ, ನಮ್ಮೂರಾಕಿ!” ಎಂದು ಕೆಂಪವ್ವ ಎದೆ ಬಡಿದುಕೊಂಡಳು. “ಯಾವ ಓಣಿಯಾಕಿ ಬೇ?”

ಆಗ ಪಕ್ಕದವಳು ಸೆರಗು ತೆಗೆದಳು. ಒಂದು ಗಳಿಗೆ ನೋಡಿದಳು. ಚೀರಿ ಹಿಂದಕ್ಕೆ ಬಿದ್ದಳು. ಅವಳ ಚೀರಾಟಕ್ಕೆ ಎಲ್ಲರೂ ಎದ್ದರು. ಅದೇ ಹೊತ್ತಿಗೆ ಹಿತ್ತಲಿನಿಂದ ದುಂಡೇಶ ಒಂದು ಕೈಯಲ್ಲಿ ಮಾಮನ ಕೊರಳಪಟ್ಟಿ, ಇನ್ನೊಂದರಲ್ಲಿ ಕೋಳಿ ಹಿಡಿದು ಬಂದ. ಕರಿ ಚಸ್ಮಾದ ಅವ್ವನನ್ನು ಕಂಡು ಕೊರಳಪಟ್ಟಿ ಬಿಟ್ಟ.

ಗಂಡನನ್ನು ಜೀವಂತ ಕಂಡ ರಾಜೇಶ್ವರಿಗೆ ಮೊದಲು ಉಸಿರು ಬಂತು. ಅದರ ಹಿಂದೆಯೇ ಸಿಟ್ಟು ಬಂತು.

ಸಂಗತಿ ಬಿಡಿಸಿ ಹೇಳುವುದಕ್ಕೆ ಬಹಳ ಹೊತ್ತು ಹಿಡಿಯಿತು. ಮಲಕಾರಿ ಹೇಳಿದಷ್ಟೂ ಅದು ಗಂಟಾಗುತ್ತಿತ್ತು. ಎಲ್ಲರಿಗೂ ತಿಳಿದ ಮೇಲೆ ಗಂಗಾರಾಮ, “ನಾ ತುಳಸಿ ನೀರ ಬಿಟ್ಟಾನ ಅಂದ್ನಿ. ಬಿಟ್ಟಿದ್ದ ಹೌದಲ್ಲೋ? ನಂದೇನ ತಪ್ಪೈತಿ?” ಎಂದು ಚಾಪೆ ಸುತ್ತಿಕೊಂಡು ಮನೆಗೆ ಹೊರಟ. ಊಟದ ಮಾತು ಬಂದಾಗ ತಿರುಗಿ ಬಂದ.

ಊಟದ ಮಾತು ತೆಗೆದವಳು ಕೆಂಪವ್ವ. ತನಗಾಗಿ ಇಷ್ಟು ಜನ ಅಳುವುದನ್ನು ಬದುಕಿರುವಾಗಲೇ ಕೇಳಿದ್ದು ಅವಳಿಗೆ ಬಹಳ ಹಿಡಿಸಿತ್ತು.

“ನನ್ನ ಸಲುವಾಗಿ ಕಣ್ಣೀರ ಹಾಕ್ಯಾರ. ಹಂಗ ಬರಿ ಹೊಟ್ಟಿಲೆ ಕಳಿಸಿದ್ರ ಆ ಕಣ್ಣೀರ ನನ್ನ ಮ್ಯಾಲ ಉಳೀತೈತಿ. ಉಣಿಸಿ ಕಳಸ ತಮ್ಮಾ.”

“ಕಡ್ಲಿ ಹಿಟ್ಟಿನ ಪಿಠ್ಲಾ, ರೊಟ್ಟಿ ಮಾಡಿಸ್ತೀನಿ,” ಅಂದ ಮಲಕಾರಿ.

“ಜೀವ ಉಳದದ್ದಕ್ಕ ಪಿಠ್ಲಾ?” ಅಂದರು ಬೀಗರು. “ಪಿಠ್ಲಾ ದಿನಕ್ಕ ಬರೂದು. ಕೇಳರಿ, ಇವತ್ತ ಯಾವ ವಾರ?”

ಒಬ್ಬರ ಮುಖ ಒಬ್ಬರು ನೋಡಿದರು. ಸೋಮವಾರ ಅಲ್ಲ, ಮಂಗಳವಾರ ಅಲ್ಲ. ಬುಧವಾರ. ಹತ್ತೊಂಬತ್ತು ಜನರಲ್ಲಿ ಒಬ್ಬರೂ ಬುಧವಾರ ಹಿಡಿದವರಿರಲಿಲ್ಲ. ಹಿತ್ತಲಲ್ಲಿ ಆರು ಕೋಳಿ ಕೆದರುತ್ತಿದ್ದವು.

“ನನ್ನ ಮನ್ಯಾಗ ಆಗೂದಿಲ್ಲ,” ಮಲಕಾರಿ ಮಾಳಿ ಹಿಡಿದು ತೋರಿಸಿದ. “ನಾ ಮಾಳಕರಿ.”

“ಮಾವುಲಿ, ನೀವು ಅತ್ತಾಗ ಕುಂದರ್ರಿ. ನಿಮಗ ಉಣ್ಣು ಅಂತ ಯಾರ ಅಂದ್ರು?” ಎಂದು ಬಹಳ ಮರ್ಯಾದೆಯಿಂದ ಅವನನ್ನು ಕಟ್ಟೆಯ ಮೇಲೆ ಕೂಡಿಸಿದರು. ಮಾವುಲಿ ಎಂಬ ಮಾತಿಗೆ ಎಬ್ಬಿಸಿ ನಿಲ್ಲಿಸುವ ಶಕ್ತಿ ಇದ್ದಂತೆ ಕೂಡಿಸುವ ಶಕ್ತಿಯೂ ಇದೆ ಎಂದು ಅವನಿಗೆ ಆಗ ತಿಳಿಯಿತು.

ಮಸಾಲೆ ಅರೆಯಲು ಕೂತ ರಾಜೇಶ್ವರಿ ಗಂಡನ ಕಡೆ ನೋಡಲಿಲ್ಲ. ಒರಳಿಗೆ ಹೇಳಿದಂತೆ ಹೇಳಿದಳು: “ಒಂದ ಕೋಳಿ ಕುತ್ತಿಗಿ ತಿರುವಲಾರದ್ದಕ್ಕ ಆರು ಕುತ್ತಿಗಿ ಹೊಂಟಾವು. ಇನ್ನ ಅದನ್ನ ನಾ ಮುಟ್ಟೂದಿಲ್ಲ.”

ದುಂಡೇಶ ತೋಳು ಮಡಿಚಿಕೊಂಡು ಹಿತ್ತಲಿಗೆ ಹೋದ. ಬೀಗರ ಜೊತೆ ಟ್ರ್ಯಾಕ್ಸಿನ ಟೈರಿನ ಮಾತಾಡುತ್ತಲೇ ಮುಗಿಸಿದ. ಮಾತು ಎಲ್ಲಿಯೂ ತುಂಡಾಗಲಿಲ್ಲ. ಬೆಳಿಗ್ಗೆ ತತ್ತಿ ಇಟ್ಟ ಕೋಳಿಯೂ ಅದರಲ್ಲಿತ್ತು. ಬುಟ್ಟಿಯ ಕೆಳಗೆ ಕೆಂಪಕ್ಕ ಎಲ್ಲ ಕೇಳಿಸಿಕೊಳ್ಳುತ್ತ ಬಾಯಿ ತೆರೆದು ಉಸಿರು ಎಳೆಯಿತು.

ಮಲಕಾರಿ ತಡೆಯಲಾರದೆ ಹಿತ್ತಲಿಗೆ ಬಂದ. “ದುಂಡೇಶ, ಕೈ ಹೆಂಗೂ ಮೈಲಿಗಿ ಆಗೇತಿ. ಇದನ್ನೂ ಒಂದ…”

“ಛೇ ಛೇ. ಜಡ್ಡಿನ ಕೋಳಿ ಮುಟ್ಟಿದ ಕೈಲೆ ಅಡಿಗಿ ಮುಟ್ಟಲೇನ ಮಾಮಾ?”

“ಉಂಡ ಮ್ಯಾಲರ?”

“ತಿನ್ನಲಾರದ್ದನ್ನ ಯಾಕ ಕೊಲ್ಲಬೇಕ? ಪಾಪಾ ಬರತೈತಿ.”

ಊಟಕ್ಕೆ ಕೂತ ಮೇಲೂ ಮಲಕಾರಿ ಒಬ್ಬೊಬ್ಬರನ್ನು ಕೇಳಿದ. ಎಲುಬು ಚೀಪುತ್ತ ಎಲ್ಲರೂ ತಲೆ ಅಲ್ಲಾಡಿಸಿದರು. ತಿನ್ನಲು ಕೊಂದರೆ ಅದು ಊಟ, ಸುಮ್ಮನೆ ಕೊಂದರೆ ಅದು ಹಿಂಸೆ ಎಂದು ಪಂಕ್ತಿಯಲ್ಲಿ ಒಮ್ಮತವಾಯಿತು. ಕೋರ್ಟಿನ ಫೈಲಿನವನು ಮೂರನೆಯ ಸಲ ಸಾರು ಹಾಕಿಸಿಕೊಂಡು, “ಹಂಗ ಕೊಂದ್ರ ಕೇಸ್ ಆಗತೈತ್ರಿ,” ಎಂದು ಕಾಯ್ದೆಯ ಮಾತನ್ನೂ ಸೇರಿಸಿದ. ಅವನು ಯಾರ ಕಡೆಯ ಬೀಗ ಎಂದು ಕೊನೆಯವರೆಗೆ ಯಾರೂ ಕೇಳಲಿಲ್ಲ.

ಸಂಜೆಗೆ ಟ್ರ್ಯಾಕ್ಸ್ ಹೊರಟಿತು. ಎಲ್ಲರೂ ಕೆಂಪವ್ವನ ಕಾಲು ಮುಟ್ಟಿ, ಮಾವುಲಿಗೆ ಕೈ ಮುಗಿದು ಹತ್ತಿದರು. ಅಂಗಳದಲ್ಲಿ ಪುಕ್ಕ ಹಾರಾಡುತ್ತಿದ್ದವು. ರಾಜೇಶ್ವರಿ ಕಸಬರಿಗೆ ಹಿಡಿದು ಅವನ್ನು ಗುಡಿಸುತ್ತ, ಗೂಡಿನ ಬಾಗಿಲ ಹತ್ತಿರ ಬಂದಾಗ ನಿಂತಳು. ರೂಢಿಯಂತೆ ಬಗ್ಗಿ ಅದರ ಬಾಗಿಲು ಹಾಕಿದಳು. ಒಳಗೆ ಏನೂ ಇರಲಿಲ್ಲ. ಮತ್ತೆ ತೆಗೆದಿಟ್ಟಳು.

ಕೆಂಪವ್ವ ಗೋಡೆ ಹಿಡಿದುಕೊಂಡು ಹಿತ್ತಲಿಗೆ ಬಂದಳು. “ಎಲ್ಲಿ, ನನ್ನ ಹೆಸರಿನಾಕಿನ ತೋರಸು.”

ಮಲಕಾರಿ ಬುಟ್ಟಿ ಎತ್ತಿದ. ಕೆಂಪವ್ವ ಡಾಕ್ಟರು ಬೇಡವೆಂದಿದ್ದರೂ ಚಸ್ಮಾ ತೆಗೆದು ಬಗ್ಗಿ ನೋಡಿದಳು. ಹೊಸ ಕಣ್ಣಿನಿಂದ ಅವಳು ಸರಿಯಾಗಿ ನೋಡಿದ ಮೊದಲ ಜೀವ ಅದು. ಹೊಟ್ಟೆಯ ಮೇಲೆ ಕೈ ಇಟ್ಟಳು, ಬಿಸಿ ತಾಗಿ ತೆಗೆದಳು.

“ಯಾವಾಗಿಂದ ಹಿಂಗೈತಿ?”

“ಸೋಮವಾರ ಡಾಕ್ಟರ್ ನೋಡಿದ್ರು. ಉಳ್ಯೂದಿಲ್ಲ ಅಂದ್ರು.”

“ಮತ್ತ ಇಲ್ಲೀತನಕ ಯಾಕ ಇಟ್ಟೀಲೇ?”

“ಪಾಪ ಬರತೈತಿ ಅಂತ ಅಕ್ಕಾ.”

“ಯಾರಿಗಿ?”

ಮಲಕಾರಿಯ ಕೈ ಕೊರಳಿನ ಮಾಳಿಗೆ ಹೋಯಿತು.

“ಮುಂಜಾನೆ ನೀ ಬಾಯಾಗ ನೀರ ಬಿಟ್ಟದ್ದು ಆಕಿಗೆ ನುಂಗಾಕೂ ಆಗಿಲ್ಲ ನೋಡು. ಕೊಕ್ಕಿನಾಗ ಎಲಿ ಹಂಗ ಐತಿ,” ಅಂದಳು ಕೆಂಪವ್ವ. ಬೆರಳಿನಿಂದ ಆ ತುಳಸಿ ಎಲೆ ತೆಗೆದು ನೆಲಕ್ಕೆ ಹಾಕಿದಳು.

ಮಲಕಾರಿ ಎದ್ದು ಕೊರಳಿನ ಮಾಳಿ ತೆಗೆದು ತುಳಸಿ ಕಟ್ಟೆಯ ಮೇಲೆ ಇಟ್ಟ. ಗೋಡೆಯ ಆಚೆ ಗಂಗಾರಾಮ ಸಂಜೆಯ ಮಿಶ್ರಿ ತಿಕ್ಕುತ್ತ ನೋಡುತ್ತಿದ್ದ. ಮಲಕಾರಿಯೂ ಅವನನ್ನು ನೋಡಿದ. ನೋಡಿಯೂ ಬಂದು ಕೂತ. ಒಂದು ಕೈಯಲ್ಲಿ ಎರಡೂ ಕಾಲು ಹಿಡಿದ, ಇನ್ನೊಂದು ಕೈ ತಲೆಯ ಹಿಂದೆ ಹಾಕಿದ. ಡಾಕ್ಟರು ಹೇಳಿದಂತೆ ಜಗ್ಗಿ ತಿರುವಿದ. ರೆಕ್ಕೆ ಸ್ವಲ್ಪ ಹೊತ್ತು ಬಡಿದವು. ಆಮೇಲೆ ನಿಂತವು. ತೆರೆದೇ ಇದ್ದ ಕೊಕ್ಕು ಮುಚ್ಚಿಕೊಂಡಿತು.

“ಇಷ್ಟ?” ಅಂದ ಮಲಕಾರಿ.

“ಇಷ್ಟ,” ಅಂದಳು ಕೆಂಪವ್ವ. ಚಸ್ಮಾ ಹಾಕಿಕೊಂಡಳು.

ನಾಯಿ ಕೆದರಬಾರದೆಂದು ಕರಿಬೇವಿನ ಗಿಡದ ಬುಡದಲ್ಲಿ ಆಳ ತೋಡಿ ಹುಗಿದ. ಅಂದು ವಖಾರಿಗೆ ಹೋಗುವ ಹೊತ್ತು ಮೀರಿತ್ತು.

ಮರುದಿನ ಚಹದಂಗಡಿಯಲ್ಲಿ ಯಾರೂ ಎದ್ದು ಜಾಗ ಬಿಡಲಿಲ್ಲ. ಗಂಗಾರಾಮ ಬೆಂಚಿನ ತುದಿಯಿಂದ ಕೂಗಿದ: “ಲೇ ಮಲಕ್ಯಾ, ಕೋಳಿ ಕೊಂದು ಬಂದೇನ್ಲೇ?” ಹಿಂದಿನ ದಿನ ಅದೇ ಮನೆಯಲ್ಲಿ ಎರಡು ತೊಡೆ ತಿಂದವರೂ ಅಲ್ಲಿ ಕೂತಿದ್ದರು. ಅವರೂ ಛೀ ಛೀ ಅಂದರು.

“ಹೌದು. ಕೊಂದ್ನಿ,” ಅಂದ ಮಲಕಾರಿ. ನಿಂತೇ ಚಹ ಕುಡಿದ.

ಹೋದದ್ದು ಇಷ್ಟು: ತತ್ತಿ ಇಡುವ ಆರು ಕೋಳಿ, ಒಂದು ಮಾಳಿ, ಮಾವುಲಿ ಎಂಬ ಒಂದು ಮಾತು. ತತ್ತಿಯಿಂದ ಬರುತ್ತಿದ್ದ ಎಣ್ಣೆ, ಸಕ್ಕರೆ ಮುಂದೆ ಆರು ತಿಂಗಳು ಉದ್ರಿಯಲ್ಲಿ ಬಂದವು. ರಾಜೇಶ್ವರಿ ಮಾತು ಬಿಟ್ಟದ್ದು ಒಂದು ವಾರ. ಬಂದದ್ದು ಏನೂ ಇಲ್ಲ. ಕೆಂಪಕ್ಕನಿಗೆ ಸೋಮವಾರವೇ ಸಿಗಬೇಕಾಗಿದ್ದ ಒಂದು ಗಳಿಗೆ ಬುಧವಾರ ಸಂಜೆ ಸಿಕ್ಕಿತು. ನಡುವಿನ ಎರಡು ದಿನದ ನೋವು ಮಲಕಾರಿಯ ಪುಣ್ಯಕ್ಕೆ ಹೋಯಿತು. ಆ ಪುಣ್ಯವೂ ಉಳಿಯಲಿಲ್ಲ.